ಆನ್ 1, ಆನ್ 2, ಕ್ಯೂಬನ್: ಮೂರೂ ಕಲಿತು ನೋಡಿದೆ

ಬೆಂಗಳೂರಿನಲ್ಲಿ ಸಾಲ್ಸಾ ಅನ್ನುವ ಜೋಡಿ ಡಾನ್ಸ್ ಕಲಿಯಲು ಹೊರಟವರು ನನ್ನನ್ನು ಮೊದಲು ಕೇಳುವುದು, ಯಾವ ಶೈಲಿ ಕಲಿಯಲಿ ಅಂತ. ನಾನು ಮೂರನ್ನೂ ಕಲಿತಿದ್ದೇನೆ, ಮೂರರಲ್ಲೂ ಲೀಡ್ ಮಾಡಿದ್ದೇನೆ, ಅಂದರೆ ಜೊತೆಗಾರರನ್ನು ನಡೆಸಿದ್ದೇನೆ. ಎಣಿಕೆ ಎಲ್ಲದಕ್ಕೂ ಎಂಟೇ. 1-2-3 ಹೆಜ್ಜೆ, 4ಕ್ಕೆ ಬಿಡುವು. 5-6-7 ಹೆಜ್ಜೆ, 8ಕ್ಕೆ ಬಿಡುವು.

ಆನ್ 1 ಅಂದರೆ ಲಾಸ್ ಏಂಜಲೀಸ್ ಶೈಲಿ. ಮೊದಲ ಬೀಟಿಗೇ ಎಡಗಾಲು ಮುಂದೆ. ಹಾಡಿನಲ್ಲಿ ಆ 1 ಬೇಗ ಕಿವಿಗೆ ಸಿಗುತ್ತದೆ. ಎರಡನೇ ತಿಂಗಳಿಗೇ ಸೋಶಿಯಲ್‌ಗೆ, ಅಂದರೆ ಎಲ್ಲರೂ ಸೇರಿ ಡಾನ್ಸ್ ಮಾಡುವ ಕೂಟಕ್ಕೆ, ಹೋದೆ. ನನಗೆ ಬರುತ್ತಿದ್ದದ್ದು ನಾಲ್ಕೇ ಟರ್ನ್. ಆದರೂ ರಾತ್ರಿಯಿಡೀ ಡಾನ್ಸ್ ಮಾಡಿದೆ. ನಾನು ಹೋಗುವ ಕಡೆಯೆಲ್ಲ ಜಾಸ್ತಿ ಜನರಿಗೆ ಬರುವುದು ಇದೇ.

ಆನ್ 2 ನ್ಯೂಯಾರ್ಕಿನದು. ಅಲ್ಲಿನ ಡಾನ್ಸ್ ಮೇಷ್ಟ್ರು ಎಡ್ಡಿ ಟೋರೆಸ್ ಇದನ್ನು ಎಣಿಕೆಯ ಪಾಠವಾಗಿಸಿ ಊರೂರಿಗೆ ಹರಡಿದರು. ಇಲ್ಲಿ ಹೆಜ್ಜೆ ಹಿಂದೆ-ಮುಂದೆ ದಿಕ್ಕು ಬದಲಿಸುವುದು 2 ಮತ್ತು 6ರಲ್ಲಿ. ಮೂರು ತಿಂಗಳು ನನಗೆ ಏನೂ ಹತ್ತಲಿಲ್ಲ. ಬಾಯಲ್ಲಿ ಎಣಿಸುತ್ತಾ ಎರಡು ಸಾಲು ದಾಟುವಷ್ಟರಲ್ಲಿ ಕಾಲು ಮತ್ತೆ 1ಕ್ಕೇ ಜಾರುತ್ತಿತ್ತು. ಒಂದು ರಾತ್ರಿ ಜೊತೆಗಿದ್ದವರು, "ಎಣಿಸಬೇಡಿ, ಕಾಂಗಾ ಕೇಳಿ" ಅಂದರು. ಕಾಂಗಾ ಅಂದರೆ ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್. ನನ್ನ ಭುಜದ ಮೇಲಿದ್ದ ಅವರ ಬೆರಳು ಪ್ರತಿ ಏಟಿಗೂ ಟಕ್ ಅಂತ ತಟ್ಟತೊಡಗಿತು. ಆ ಚರ್ಮದ ಏಟು ಬೀಳುವುದೇ 2 ಮತ್ತು 6ರಲ್ಲಿ! ಆ ಹಾಡು ಮುಗಿಯುವಷ್ಟರಲ್ಲಿ ಕಾಲು ತಾನಾಗಿ ಹೋಗುತ್ತಿತ್ತು. ಈಗ ಕಾಂಗಾ ಕೇಳಿಸಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಕ್ಯೂಬನ್ ಶೈಲಿಯ ದಾರಿಯೇ ಬೇರೆ. ಮೇಲಿನ ಎರಡರಲ್ಲೂ ಹುಡುಗಿ ನೇರ ಗೆರೆಯಲ್ಲಿ ಓಡಾಡುತ್ತಾಳೆ. ಇದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸುತ್ತುತ್ತಾರೆ. ಹವಾನಾದಲ್ಲಿ ಹುಟ್ಟಿದ ರುಯೆಡಾದಲ್ಲಂತೂ ಜೋಡಿಗಳೆಲ್ಲ ವೃತ್ತ ಕಟ್ಟುತ್ತಾರೆ. ಒಬ್ಬರು "ದಾಮೆ!" ಎಂದು ಕೂಗಿದರೆ ಎಲ್ಲರ ಜೋಡಿಯೂ ಬದಲು. ನಮ್ಮ ಕೋಲಾಟದಲ್ಲಿ ಜೋಡಿ ಬದಲಾಗುವ ಖುಷಿ ಇದೆಯಲ್ವಾ, ಅದೇ ಇಲ್ಲೂ. ಯಾರನ್ನೂ ಹೋಗಿ ಕರೆಯಬೇಕಿಲ್ಲ. ನಾಚಿಕೆಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನನಗೆ ಗೆಳೆಯರು ಸಿಕ್ಕಿದ್ದು ಇಲ್ಲೇ. ಆದರೆ ಕಿಕ್ಕಿರಿದ ಸೋಶಿಯಲ್‌ನಲ್ಲಿ ಸುತ್ತಲು ಹೋದರೆ ಪಕ್ಕದ ಜೋಡಿಗೆ ಮೊಣಕೈ ತಾಗುತ್ತದೆ.

ಒಬ್ಬರೇ ಹೋಗಿ ಎಲ್ಲರ ಜೊತೆ ಡಾನ್ಸ್ ಮಾಡುವ ಆಸೆಯಿದ್ದರೆ ಆನ್ 1ರಿಂದ ಶುರು ಮಾಡಿ. ಗೆಳೆಯರ ಗುಂಪಿದ್ದರೆ ರುಯೆಡಾ. ನನ್ನ ಮನಸ್ಸು ಆನ್ 2ರಲ್ಲೇ ಇದೆ, ಆದರೆ ಅದನ್ನು ಮೊದಲು ಕಲಿಯಿರಿ ಅಂತ ಯಾರಿಗೂ ಹೇಳಲಾರೆ. ಯಾವುದನ್ನೇ ಕಲಿತಿರಲಿ, ಕೈ ಚಾಚುವಾಗ "ಆನ್ ಒನ್ನಾ, ಆನ್ ಟೂನಾ?" ಅಂತ ಕೇಳಿ. ಬ್ಯಾಗಿನಲ್ಲಿ ಇನ್ನೊಂದು ಶರ್ಟ್ ಇರಲಿ. ಹತ್ತು ಹಾಡಿಗೆ ಮೊದಲನೆಯದು ಬೆವರಿನಲ್ಲಿ ತೊಯ್ದು ಹೋಗುತ್ತದೆ.