ಸಪ್ತಾಪುರದ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಮೇಡಂ ಇದ್ದರೆ ಮಾತ್ರ ಸೇರಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಬ್ಯಾಚ್‌ನ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮುಗಿಸಿದೆ. ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಕೆಳಗೆ ಹೊಗಳಿಕೆ ಎಷ್ಟಿದೆಯೋ ದೂರೂ ಅಷ್ಟೇ ಇದೆ. ಆ ಕಡೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಕೋಚಿಂಗ್ ಬೋರ್ಡ್‌ಗಳ ಮಧ್ಯೆ ಸ್ಪೋಕನ್ ಇಂಗ್ಲಿಷ್ ಬೋರ್ಡ್‌ಗಳಿಗೇನೂ ಬರವಿಲ್ಲ. ಯಾವುದಕ್ಕೇ ಸೇರಿ, ಸೇರುವ ಮೊದಲು ಏನು ನೋಡಬೇಕು ಅನ್ನೋದಕ್ಕೆ ಇದು ಉಪಯೋಗಕ್ಕೆ ಬರಬಹುದು.

ನನ್ನ ಕೆಲಸ ಹುಬ್ಬಳ್ಳಿ ಗೋಕುಲ ರೋಡಿನಲ್ಲಿ, ಪಂಪ್‌ಸೆಟ್ ಮತ್ತು ಅದರ ಸ್ಪೇರ್ ಮಾರುವ ಅಂಗಡಿ. ಮಾಲು ಬರೋದು ಕೊಯಮತ್ತೂರಿನಿಂದ. ಅವರಿಗೆ ಕನ್ನಡ ಬರೋಲ್ಲ, ನಮಗೆ ತಮಿಳು ಬರೋಲ್ಲ, ಹಿಂದಿಯಲ್ಲಿ ಎರಡೂ ಕಡೆ ಅಷ್ಟಕ್ಕಷ್ಟೇ. ಉಳಿಯೋದು ಇಂಗ್ಲಿಷ್, ಅದೂ ಫೋನಿನಲ್ಲಿ. ಆ ಕಡೆಯಿಂದ 'ವಿ ಮೇ ರನ್ ಔಟ್ ಆಫ್ ಸ್ಟಾಕ್, ಯು ಶುಡ್ ಸಾರ್ಟ್ ಔಟ್ ದ ಪೇಮೆಂಟ್' ಅಂತ ಒಂದೇ ಉಸಿರಿಗೆ ಬರುತ್ತೆ. ರನ್ ಗೊತ್ತು, ಔಟ್ ಗೊತ್ತು. ಎರಡೂ ಸೇರಿದರೆ ಮಾಲು ಖಾಲಿ ಆಗೋದು ಅಂತ ಶಾಲೆಯಲ್ಲಿ ಯಾರು ಹೇಳಿಕೊಟ್ಟಿದ್ದರು? ಇಂಥವನ್ನೇ ಫ್ರೇಸಲ್ ವರ್ಬ್ ಅಂತಾರೆ. ನಾನು ಸೇರಿದ್ದು ಅದಕ್ಕಾಗಿಯೇ.

ಆ ವಿಷಯದಲ್ಲಿ ಕ್ಲಾಸ್ ತಗೊಳ್ಳುವ ಮೇಡಂ ನಿಜಕ್ಕೂ ಗಟ್ಟಿ. ಒಂದೊಂದೇ ಫ್ರೇಸಲ್ ವರ್ಬ್ ಕೊಟ್ಟು ಬಾಯಿಪಾಠ ಮಾಡಿಸೋದಿಲ್ಲ. ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶುಡ್, ಮಸ್ಟ್ ಇವೆಯಲ್ಲ, ಇವುಗಳ ಬೆನ್ನಿಗೇ ಸೇರಿಸಿ ಹೇಳಿಸುತ್ತಾರೆ. ಈ ಮೋಡಲ್‌ಗಳ ಮುಂದೆ ಬರುವ ಕ್ರಿಯಾಪದಕ್ಕೆ ಟು ಬೇಡ, ಎಸ್ ಬೇಡ, ಇಡಿ ಬೇಡ. 'ಹೀ ಪಿಕ್ಸ್ ಅಪ್' ಅನ್ನಬೇಕಾದವರು 'ಹೀ ಕ್ಯಾನ್ ಪಿಕ್ ಅಪ್' ಅಂದರೆ ಮುಗಿಯಿತು, ಐ ಬರಲಿ ಶೀ ಬರಲಿ ದೇ ಬರಲಿ ರೂಪ ಬದಲಾಗೋಲ್ಲ. ಕನ್ನಡದಲ್ಲಿ ಬೇಕು, ಬಹುದು ಎಲ್ಲ ಕೊನೆಗೆ ಬರುತ್ತವೆ, ಅಲ್ಲಿ ಮೊದಲೇ ಹೇಳಿಬಿಡಬೇಕು. ಇದೊಂದು ನಾಲಿಗೆಗೆ ರೂಢಿಯಾದರೆ ಅರ್ಧ ಭಯ ಹೋಗುತ್ತದೆ.

ಪಾಠ ಮಾಡುವ ರೀತಿ ಹೀಗೆ. ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸುತ್ತಾರೆ. ಮುಖ ಕಾಣಬಾರದು, ಫೋನಿನಲ್ಲಿ ಮಾತಾಡಿದ ಹಾಗೇ ಇರಬೇಕು. ಒಬ್ಬ ಅಂಗಡಿಯವ, ಇನ್ನೊಬ್ಬ ಗಿರಾಕಿ. ಗಿರಾಕಿ 'ಕುಡ್ ಯು ಪಿಕ್ ಅಪ್ ದ ಪಾರ್ಸೆಲ್?' ಅಂತ ಕೇಳುತ್ತಾನೆ. ಅಂಗಡಿಯವ ಪಾರ್ಸೆಲ್ ಅನ್ನೋ ಮಾತು ಎತ್ತದೆ ಉತ್ತರ ಕೊಡಬೇಕು. 'ಐ ವಿಲ್ ಪಿಕ್ ಅಪ್ ಇಟ್' ಅಂದರೆ ಮೇಡಂ ಡಸ್ಟರ್ ತಗೊಂಡು ಟೇಬಲ್ ಮೇಲೆ ಟಕ್ ಅನ್ನಿಸುತ್ತಾರೆ. ಬೈಯೋಲ್ಲ, ಯಾಕೆ ತಪ್ಪು ಅಂತಲೂ ಹೇಳೋಲ್ಲ. 'ಪಿಕ್ ಇಟ್ ಅಪ್' ಬರುವ ತನಕ ಟಕ್, ಟಕ್. ಇಟ್, ಹಿಮ್, ಹರ್, ದೆಮ್ ಬಂದರೆ ನಡುವೆ ತೂರಿಸಲೇಬೇಕು. ವಸ್ತುವಿನ ಹೆಸರೇ ಹೇಳುವುದಾದರೆ 'ಟರ್ನ್ ಆಫ್ ದ ಮೋಟಾರ್', 'ಟರ್ನ್ ದ ಮೋಟಾರ್ ಆಫ್' ಎರಡೂ ನಡೆಯುತ್ತೆ.

ರಾಣೇಬೆನ್ನೂರು ಕಡೆಯ ಹುಡುಗನೊಬ್ಬ ಚುರುಕಿದ್ದ. ತಕ್ಷಣ ಕೇಳಿದ: 'ಮೇಡಂ, ಹಂಗಾದ್ರ ಲುಕ್ ಹರ್ ಆಫ್ಟರ್ ಅನಬೇಕೇನ್ರೀ?'

'ಇಲ್ಲಪಾ, ಅದನ್ನ ಬಿಡಸಲಿಕ್ಕೆ ಬರಂಗಿಲ್ಲ. ಶೀ ಇಸ್ ಓಲ್ಡ್, ಐ ಮಸ್ಟ್ ಲುಕ್ ಆಫ್ಟರ್ ಹರ್.'

ಲುಕ್ ಇಂಟು, ರನ್ ಔಟ್ ಆಫ್ ಕೂಡ ಹಾಗೇ, ಮಧ್ಯೆ ಏನೂ ತುರುಕೋ ಹಾಗಿಲ್ಲ. ಯಾವುದು ಬಿಡಿಸಬಹುದು, ಯಾವುದು ಆಗೋಲ್ಲ ಅನ್ನೋದಕ್ಕೆ ಸುಲಭದ ಸೂತ್ರ ಏನೂ ಇಲ್ಲ, ಕೇಳಿ ಕೇಳಿ ರೂಢಿ ಆಗಬೇಕು ಅಂತ ಮೇಡಂ ನೇರವಾಗಿ ಹೇಳಿದರು. ಸುಮ್ನೆ ಒಂದು ಸೂತ್ರ ಕೊಟ್ಟು ಸಾಗಹಾಕಲಿಲ್ಲ, ಅದು ನನಗೆ ಹಿಡಿಸಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಮಸ್ಟ್ ಮತ್ತು ಕುಡ್ ಪಾಠ. ನಾವು 'ಬೇಕು' ಅನ್ನೋದನ್ನ ಪ್ರೀತಿಗೂ ಬಳಸುತ್ತೇವೆ, ಜಬರ್ದಸ್ತಿಗೂ ಬಳಸುತ್ತೇವೆ. ಮದುವೆಗೆ ಬರಲೇಬೇಕು ಅಂದರೆ ಯಾರೂ ಬೇಜಾರಾಗೋಲ್ಲ. ಇಂಗ್ಲಿಷಿನಲ್ಲೂ 'ಯು ಮಸ್ಟ್ ಕಮ್ ಓವರ್ ಫಾರ್ ಲಂಚ್' ಅಂದರೆ ಆತ್ಮೀಯವಾದ ಕರೆಯೇ. ಆದರೆ ಅದೇ ಧಾಟಿಯಲ್ಲಿ ಸಪ್ಲೈಯರ್‌ಗೆ 'ಯು ಮಸ್ಟ್ ಕಾಲ್ ಮಿ ಬ್ಯಾಕ್' ಅಂದರೆ ಹುಕುಂ ಮಾಡಿದ ಹಾಗೆ ಕೇಳಿಸುತ್ತೆ. 'ಕುಡ್ ಯು ಕಾಲ್ ಮಿ ಬ್ಯಾಕ್?' ಅಂದರೆ ಕೆಲಸವೂ ಆಗುತ್ತೆ, ಮರ್ಯಾದೆಯೂ ಉಳಿಯುತ್ತೆ. ನಮ್ಮಲ್ಲಿ ಒಂದು 'ರೀ' ಹಚ್ಚಿದರೆ ಮುಗಿಯುವ ಕೆಲಸ, ಅವರಿಗೆ ಮೋಡಲ್ ಬದಲಿಸಬೇಕು.

ಈಗ ದೂರು.

ಮೇಡಂ ಎಲ್ಲ ದಿನ ಬರೋಲ್ಲ. ಅವರಿಲ್ಲದಾಗ ಒಬ್ಬ ಸರ್ ಬಂದು ನೋಟ್ಸ್ ಓದಿಸುತ್ತಾರೆ. ಆ ನೋಟ್ಸ್ ಅಂದರೆ ಮಾಸಿದ ಝೆರಾಕ್ಸ್ ಹಾಳೆಗಳ ಕಟ್ಟು, ಮದುವೆ ಮನೆಯ ಕಿರಾಣಿ ಚೀಟಿ ಥರ ಎ ಯಿಂದ ಝಡ್ ತನಕ ಫ್ರೇಸಲ್ ವರ್ಬ್‌ಗಳ ಪಟ್ಟಿ, ಪಕ್ಕದಲ್ಲಿ ಕನ್ನಡ ಅರ್ಥ, ಒಂದು ವಾಕ್ಯವೂ ಇಲ್ಲ. ಮೇಲಿಂದ ತಪ್ಪುಗಳು. 'ಕೋಪ್ ಅಪ್ ವಿತ್' ಅಂತ ಅಚ್ಚಾಗಿದೆ, ಸರಿಯಾದದ್ದು 'ಕೋಪ್ ವಿತ್', ಅಲ್ಲಿ ಅಪ್‌ಗೆ ಕೆಲಸವೇ ಇಲ್ಲ. ಇನ್ನೊಂದು ಹಾಳೆಯಲ್ಲಿ 'ಐ ಕ್ಯಾನ್ ಏಬಲ್ ಟು ಫೈಂಡ್ ಔಟ್'. 'ಐ ಕ್ಯಾನ್ ಫೈಂಡ್ ಔಟ್' ಅನ್ನಿ, ಇಲ್ಲವೇ 'ಐ ಆಮ್ ಏಬಲ್ ಟು' ಅನ್ನಿ, ಎರಡನ್ನೂ ಕಲಸಬಾರದು ಅಂತ ಮೇಡಂ ಹೇಳಿದ್ದನ್ನೇ ಸರ್ ಅಳಿಸಿ ಹಾಕಿದ ಹಾಗಾಯಿತು. ಕೇಳಿದರೆ 'ಪುಸ್ತಕದಾಗ ಹಂಗ ಐತ್ರೀ' ಅನ್ನೋ ಉತ್ತರ. ಫೀ ತಗೊಂಡ ಮೇಲೆ ನೋಟ್ಸ್ ಒಂದು ಸಲ ತಿದ್ದಿಸಬಾರದಾ?

(ಫಾರ್ಮ್ ತುಂಬೋದಕ್ಕೆ ಇಲ್ಲಿ ಎಲ್ಲ ಕೌಂಟರಿನಲ್ಲೂ 'ಫಿಲ್ ಅಪ್' ಅಂತಾರೆ, ಬ್ರಿಟನ್ನಿನಲ್ಲಿ 'ಫಿಲ್ ಇನ್' ಜಾಸ್ತಿ, ಅಮೆರಿಕದಲ್ಲಿ 'ಫಿಲ್ ಔಟ್'. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲರಿಗೂ ಅರ್ಥ ಆಗುತ್ತೆ.)

ಇನ್ನೊಂದು ಕೊರತೆ, ಆಗಿಹೋದ ವಿಷಯ ಹೇಳೋದನ್ನ ಓಡಿಸಿಬಿಟ್ಟರು. ನಮ್ಮಂಥವರಿಗೆ ಫೋನಿನಲ್ಲಿ ಜಗಳ ಬರೋದೇ ಆಗಿಹೋದದ್ದರ ಬಗ್ಗೆ. 'ಯು ಶುಡ್ ಹ್ಯಾವ್ ಸೆಂಟ್ ಇಟ್ ಬ್ಯಾಕ್', 'ದೇ ಮಸ್ಟ್ ಹ್ಯಾವ್ ಮಿಕ್ಸ್ಡ್ ಅಪ್ ದ ಬಿಲ್ಸ್'. ಇಲ್ಲಿ ಮೋಡಲ್ ಆದ ಮೇಲೆ ಹ್ಯಾವ್, ಆಮೇಲೆ ಸೆಂಡ್ ಹೋಗಿ ಸೆಂಟ್, ಮಿಕ್ಸ್ ಹೋಗಿ ಮಿಕ್ಸ್ಡ್. ಮೊದಲು ಹೇಳಿದ 'ಇಡಿ ಬೇಡ' ಇಲ್ಲಿಗೆ ಲಾಗೂ ಆಗೋಲ್ಲ, ಅದಕ್ಕೇ ಎಲ್ಲರೂ ಗೊಂದಲದಲ್ಲಿ ಬಿದ್ದರು. ಬ್ಯಾಚ್‌ನಲ್ಲಿ ಅರ್ಧ ಜನ ಪರೀಕ್ಷೆಗೆ ಓದುವವರು, ಅವರಿಗೆ ಬಿಟ್ಟ ಸ್ಥಳ ತುಂಬಿದರೆ ಸಾಕು. ಅವರ ಅವಸರಕ್ಕೆ ನಮ್ಮ ಪಾಠ ಹೋಯಿತು.

ಜಾಗ ಪರವಾಗಿಲ್ಲ. ರೂಮು ಸೆಕೆ, ಗಾಡಿ ನಿಲ್ಲಿಸಲು ಜಾಗ ಇಲ್ಲ. ಹುಬ್ಬಳ್ಳಿಯಿಂದ ಹೋಗುವವರು ಚಿಗರಿ ಬಸ್ ಹಿಡಿದು ಜುಬಿಲಿ ಸರ್ಕಲ್‌ನಿಂದ ಆಟೊ ಮಾಡೋದೇ ಲೇಸು. ಫೀ ಎರಡು ಕಂತಿನಲ್ಲಿ ಕಟ್ಟಬಹುದು, ರಸೀದಿ ಮಾತ್ರ ನೀವೇ ಕೇಳಿ ಇಸ್ಕೊಳ್ಳಿ. ಬೋರ್ಡಿನಲ್ಲಿ 30 ದಿನದಲ್ಲಿ ನಿರರ್ಗಳ ಇಂಗ್ಲಿಷ್ ಅಂತ ಇದೆ, ಅದನ್ನ ನಂಬೋರು ಯಾರೂ ಇಲ್ಲ ಬಿಡಿ.

ಮೇಡಂ ಪಾಠಕ್ಕೆ ಐದಕ್ಕೆ ನಾಲ್ಕೂವರೆ, ನೋಟ್ಸಿಗೆ ಒಂದು. ಡೆಮೊ ಕ್ಲಾಸಿಗೆ ಹೋದಾಗ ವಾರದಲ್ಲಿ ಮೇಡಂ ಎಷ್ಟು ದಿನ ಬರುತ್ತಾರೆ ಅಂತ ಕೇಳಿ. ಉತ್ತರ ಕೊಡದೆ ನೋಟ್ಸ್ ಕಟ್ಟು ಕೈಗಿಟ್ಟರೆ ಫೀ ಕಟ್ಟಬೇಡಿ.