ಮೆಟ್ಟಿಲಿಲ್ಲದ ಗಿಯರ್: ವಿದ್ಯುತ್ ಸೈಕಲ್ಲಿಗೆ ನುವಿಂಚಿ ಎನ್360 ಹಬ್

ಪೆಡಲುಗಳ ನಡುವೆ ಮೋಟಾರ್ ಕೂರಿಸಿದ ಸೈಕಲ್ಲಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಚೈನು. ತುಳಿಯುವವನ ಕಾಲಿನ ಬಲ, ಮೋಟಾರಿನ ಬಲ ಎರಡೂ ಅದರ ಮೇಲೆಯೇ ಬೀಳುವುದರಿಂದ, ಏರಿನಲ್ಲಿ ಗಿಯರ್ ಬದಲಿಸಿದಾಗ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರಿನಿಂದ ಬರುವ ಸದ್ದಿಗೇ ಎದೆ ಝಲ್ಲೆನ್ನುತ್ತದೆ. ಒಂದು ಸಂಜೆ ಮೈಸೂರಿನ ತಾವರೆಕಟ್ಟೆ ದಾಟಿ ಚಾಮುಂಡಿ ಬೆಟ್ಟದ ಏರು ಹಿಡಿದಾಗ ನನ್ನ ಚೈನು ಹೀಗೇ ತುಂಡಾಯಿತು. ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದು, ಅಲ್ಲಿಂದ ಮನೆಯವರೆಗೆ ಸೈಕಲ್ ತಳ್ಳಿದ ಆ ದಿನವೇ ಡಿರೇಲರ್ ಬಿಟ್ಟು ಬೇರೆ ದಾರಿ ಹುಡುಕಲು ತೀರ್ಮಾನಿಸಿದೆ. ಆ ಹುಡುಕಾಟ ನನ್ನನ್ನು ತಂದು ನಿಲ್ಲಿಸಿದ್ದು ಅಮೆರಿಕದ ಫಾಲ್‌ಬ್ರೂಕ್ ಟೆಕ್ನಾಲಜೀಸ್ ಕಂಪನಿ 2010ರಲ್ಲಿ ಹೊರತಂದ ನುವಿಂಚಿ ಎನ್360 ಹಬ್ಬಿನ ಬಳಿ. ಹಬ್ ಎಂದರೆ ಗಾಲಿಯ ನಡುವಿನ ಗುಂಬ, ಇದರಲ್ಲಿ ಗಿಯರ್ ಅದರ ಹೊಟ್ಟೆಯೊಳಗೇ ಇರುತ್ತದೆ. ಅದೇ ತಂತ್ರದ ಹಬ್ಬುಗಳು ಈಗ ಎನ್ವಿಯೊಲೊ ಎಂಬ ಹೆಸರಿನಲ್ಲಿ ಬರುತ್ತವೆ. ನನಗೆ ಸಿಕ್ಕಿದ್ದು ಹಳೆಯ ದಾಸ್ತಾನಿನದು.

ಗಿಯರ್ ಬದಲಿಸುವ ಗೋಜಿಲ್ಲದ ಸ್ಕೂಟರ್ ನಮ್ಮವರಿಗೆ ಹೊಸದಲ್ಲ. 1980ರ ದಶಕದ ಕೈನೆಟಿಕ್ ಹೋಂಡಾದಿಂದ ಇವತ್ತಿನ ಆಕ್ಟಿವಾದವರೆಗೆ ಎಲ್ಲದರಲ್ಲೂ ಇರುವುದು ನಿರಂತರವಾಗಿ ಬದಲಾಗುವ ಗಿಯರೇ. ಅಲ್ಲಿ ಬೆಲ್ಟು ಎರಡು ರಾಟೆಗಳ ನಡುವೆ ಮೇಲೆ ಕೆಳಗೆ ಸರಿಯುತ್ತದೆ. ಈ ಹಬ್ಬಿನೊಳಗೆ ಬೆಲ್ಟಿಲ್ಲ, ಹಲ್ಲುಚಕ್ರಗಳೂ ಇಲ್ಲ. ಎರಡು ಲೋಹದ ಬಳೆಗಳ ನಡುವೆ ಉಕ್ಕಿನ ಗುಂಡುಗಳು ಸುತ್ತ ಕೂತಿವೆ. ಒಂದು ಬಳೆ ಗುಂಡುಗಳನ್ನು ತಿರುಗಿಸುತ್ತದೆ, ಗುಂಡುಗಳು ಇನ್ನೊಂದನ್ನು ತಿರುಗಿಸುತ್ತವೆ. ಗುಂಡಿನ ಅಚ್ಚನ್ನು ತುಸು ಓರೆ ಮಾಡಿದರೆ ಬಳೆಗಳು ಅದನ್ನು ಮುಟ್ಟುವ ಜಾಗ ಬದಲಾಗಿ, ವೇಗದ ಅನುಪಾತವೂ ಬದಲಾಗುತ್ತದೆ. ಗುಂಡಿಗೂ ಬಳೆಗೂ ನಡುವೆ ವಿಶೇಷ ಎಣ್ಣೆಯ ತೆಳುಪೊರೆ ಇದ್ದು, ಒತ್ತಡ ಬಿದ್ದ ಗಳಿಗೆಯಲ್ಲಿ ಅದು ಗಟ್ಟಿಯಾಗಿ ಬಲವನ್ನು ದಾಟಿಸುತ್ತದೆ. ಎಣ್ಣೆ ಜಾರಿಸಲಿಕ್ಕೆ ಇರುವುದು ಎಂದೇ ತಿಳಿದಿದ್ದ ನನಗೆ, ಹಿಡಿದು ಎಳೆಯಲಿಕ್ಕೂ ಎಣ್ಣೆಯೇ ಬೇಕೆಂಬ ಈ ವಿಚಾರ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಈ ಹಬ್ಬಿನ ಅನುಪಾತ 0.5ರಿಂದ 1.8ರವರೆಗೆ ಹರಡಿದೆ, ಅಂದರೆ ಹಿಂದಿನ ಹಲ್ಲುಚಕ್ರದ ಒಂದು ಸುತ್ತಿಗೆ ಗಾಲಿ ಅರ್ಧ ಸುತ್ತಿನಿಂದ 1.8 ಸುತ್ತಿನವರೆಗೆ ತಿರುಗುತ್ತದೆ. ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 22 ಹಲ್ಲು, 26 ಇಂಚಿನ ಗಾಲಿ ಎಂಬ ನನ್ನ ಜೋಡಣೆಯಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಕನಿಷ್ಠ 2 ಮೀಟರಿಗಿಂತ ತುಸು ಹೆಚ್ಚು, ಗರಿಷ್ಠ ಸುಮಾರು ಏಳೂವರೆ ಮೀಟರ್ ಸಾಗುತ್ತದೆ. ಅಂದರೆ ನಿಮಿಷಕ್ಕೆ 60 ಸುತ್ತಿನ ಒಂದೇ ಲಯದಲ್ಲಿ ತುಳಿಯುತ್ತಾ ಗಂಟೆಗೆ ಏಳೂವರೆ ಕಿಲೊಮೀಟರಿನಿಂದ 27ರವರೆಗೆ ಹೋಗಬಹುದು. 250 ವ್ಯಾಟ್ ಮೋಟಾರ್, 25 ಕಿಲೊಮೀಟರ್ ವೇಗ ಎಂಬ ನಮ್ಮ ಕಾನೂನಿನ ಮಿತಿಯೊಳಗಿನ ಸೈಕಲ್ಲಿಗೆ ಇದಕ್ಕಿಂತ ಹೆಚ್ಚಿನ ಹರವು ಬೇಕಿಲ್ಲ.

ಜೋಡಿಸುವ ಕೆಲಸದಲ್ಲಿ ಮೋಟಾರಿನದು ಸುಲಭದ ಪಾಲು. ಬಫಾಂಗ್ ಕಂಪನಿಯ 250 ವ್ಯಾಟ್ ನಡುಮೋಟಾರ್ ಮೊದಲೇ ಇತ್ತು, ಅದನ್ನು ಮುಟ್ಟಲಿಲ್ಲ. ಕಷ್ಟಪಟ್ಟಿದ್ದು ಗಾಲಿಗೆ. ಹಬ್ಬಿನ ಹೊಟ್ಟೆ ದಪ್ಪ. ಕಡ್ಡಿ ಕೂರುವ ಅಂಚು ರಿಮ್ಮಿಗೆ ಅಷ್ಟರಮಟ್ಟಿಗೆ ಹತ್ತಿರವಾಗುವುದರಿಂದ ಮಾಮೂಲಿ ಅಳತೆಯ ಕಡ್ಡಿಗಳು ಇದಕ್ಕೆ ಹೊಂದುವುದಿಲ್ಲ. ಇದನ್ನು ನಾನು ಬರೆದೇ ಕೊಟ್ಟಿದ್ದರೂ, ಗಾಲಿ ಕಟ್ಟಲು ಒಪ್ಪಿಕೊಂಡ ಅಂಗಡಿಯವರು ಉದ್ದದ ಕಡ್ಡಿಗಳನ್ನೇ ತುದಿ ಕತ್ತರಿಸಿ ಹಾಕಿದ್ದರು. ತುದಿಯ ತಿರುಪು ಹೋದ ಕಡ್ಡಿಗಳು, ರಿಮ್ಮಿನಲ್ಲಿ ಅವನ್ನು ಹಿಡಿಯುವ ನಿಪ್ಪಲಿನಲ್ಲಿ ನಿಲ್ಲದೆ, ಎರಡನೆಯ ವಾರಕ್ಕೇ ಮೂರು ಸಡಿಲಾಗಿ ಗಾಲಿ ಹಾವಿನಂತೆ ಹೊಯ್ದಾಡಿತು. ಬೆಂಡು ತೆಗೆಸಿದ್ದು ಎರಡು ಸಲ. ಮೂರನೆಯ ಸಲ ಸುಮ್ಮನೆ ಬಿಚ್ಚಿಸಿ, ಅಳತೆಗೆ ಸರಿಯಾದ ಕಡ್ಡಿ ತರಿಸಿ, ಹಳೆಯ ಪೇಟೆಯ ಒಬ್ಬ ಹಿರಿಯ ಕುಶಲಕರ್ಮಿಯ ಮುಂದೆ ಕೂತು ಕಟ್ಟಿಸಿದೆ. ಅವರು ಪ್ರತಿ ಕಡ್ಡಿಯನ್ನೂ ಬೆರಳಿನಿಂದ ಮೀಟಿ, ಅಕ್ಕಪಕ್ಕದವುಗಳ ನಾದ ಒಂದೇ ಆಗುವವರೆಗೆ ಬಿಗಿ ಮಾಡಿದರು. ಆ ಗಾಲಿಗೆ ಇವತ್ತಿನವರೆಗೆ ಕಡ್ಡಿ ಬಿಗಿಯುವ ಕೀಲಿ ಹಚ್ಚಿಲ್ಲ.

ಇನ್ನೆರಡು ಸಣ್ಣ ವಿಷಯಗಳಿವೆ. ಹಬ್ಬಿನ ಅಚ್ಚು ತಿರುಗದಂತೆ ತಡೆಯುವ ವಾಷರುಗಳು ಫ್ರೇಮಿನಲ್ಲಿ ಅಚ್ಚು ಕೂರುವ ಸೀಳಿಗೆ ತಕ್ಕವೇ ಆಗಿರಬೇಕು, ಇದರಲ್ಲಿ ರಾಜಿ ಸಲ್ಲದು. ಸೀಳು ನೇರ ಕೆಳಮುಖವಾಗಿದ್ದರೆ ಗಾಲಿಯನ್ನು ಹಿಂದಕ್ಕೆಳೆದು ಚೈನು ಬಿಗಿ ಮಾಡಲಾಗದು, ಹಾಗಾಗಿ ಪ್ರತ್ಯೇಕ ಟೆನ್ಷನರ್ ಬೇಕಾಗುತ್ತದೆ. ನನ್ನದೂ ಅಂಥದೇ ಫ್ರೇಮು.

ಹ್ಯಾಂಡಲಿನ ಬಲ ಹಿಡಿಯ ಪಕ್ಕದಲ್ಲಿ ಸಂಖ್ಯೆಗಳಿಲ್ಲ. ಪುಟ್ಟ ಕಿಟಕಿಯೊಳಗೆ ಒಬ್ಬ ಸವಾರನ ಚಿತ್ರ, ಅವನ ಕೆಳಗೆ ಕಿತ್ತಳೆ ಬಣ್ಣದ ಒಂದು ಗೆರೆ. ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಗೆರೆ ಬಾಗಿ ಗುಡ್ಡವಾಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಚಪ್ಪಟೆಯಾಗಿ ಬಯಲಾಗುತ್ತದೆ. ನನ್ನ ಹತ್ತು ವರ್ಷದ ಮಗಳು ಯಾರೂ ಹೇಳಿಕೊಡದೆಯೇ ಇದನ್ನು ಅರ್ಥಮಾಡಿಕೊಂಡಳು. ಸಿಗ್ನಲಿನಲ್ಲಿ ಭಾರದ ಗಿಯರಿನಲ್ಲೇ ನಿಂತುಬಿಟ್ಟರೂ ಚಿಂತೆಯಿಲ್ಲ. ನಿಂತಲ್ಲೇ ತಿರುಗಿಸಿ ಹಗುರ ಮಾಡಿಕೊಂಡು ಹೊರಡಬಹುದು. ಏರಿನಲ್ಲಿ ಇದರ ಗುಣ ಇನ್ನೂ ಸ್ಪಷ್ಟವಾಗುತ್ತದೆ. ಮೋಟಾರ್ ತಿಣುಕತೊಡಗಿದ್ದು ಕಿವಿಗೆ ಬಿದ್ದೊಡನೆ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಅದರ ಸ್ವರ ಮತ್ತೆ ಸರಾಗವಾಗುತ್ತದೆ. ನಡುಮೋಟಾರಿಗೆ ಬೇಕಾದದ್ದು ವೇಗವಾಗಿ ಸುತ್ತುತ್ತಿರಲು ಅವಕಾಶ. ನಿಧಾನದ ತಿಣುಕಾಟದಲ್ಲಿ ಹೆಚ್ಚು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ. ಮೆಟ್ಟಿಲುಗಳ ಗಿಯರಿನಲ್ಲಿ ಒಂದು ಭಾರವೆನಿಸಿ ಮುಂದಿನದು ತೀರಾ ಹಗುರವೆನಿಸುವ ಕಡೆ, ಇಲ್ಲಿ ಎರಡರ ನಡುವಿನ ಯಾವ ಬಿಂದುವಿನಲ್ಲಿ ಬೇಕಾದರೂ ನಿಲ್ಲಬಹುದು. ಪೂರ್ತಿ ಬಲ ಹಾಕಿ ತುಳಿಯುವಾಗ ಮಾತ್ರ ಹಿಡಿ ಬಿಗಿಯಾಗುತ್ತದೆ, ಅರೆಕ್ಷಣ ಕಾಲು ಸಡಿಲಿಸಬೇಕು.

ದೋಷವನ್ನು ಮುಚ್ಚಿಡುವುದು ಸರಿಯಲ್ಲ. ಹಬ್ಬೊಂದೇ ಸುಮಾರು 2.45 ಕಿಲೊ ತೂಗುತ್ತದೆ. ಸೈಕಲ್ಲನ್ನು ಮಹಡಿಗೆ ಹೊತ್ತೊಯ್ಯುವವರಿಗೆ ಹಿಂಬದಿಯ ಈ ಭಾರ ಪ್ರತಿದಿನದ ಶಿಕ್ಷೆ. ಎಣ್ಣೆಯ ಪೊರೆಯ ಮೂಲಕ ಬಲ ದಾಟಿಸುವಾಗ ಒಂದಿಷ್ಟು ಸೋರಿಹೋಗುತ್ತದೆ, ಶುಚಿಯಾಗಿಟ್ಟ ಡಿರೇಲರಿಗೆ ಈ ವಿಷಯದಲ್ಲಿ ಇದು ಸಾಟಿಯಲ್ಲ. ಕುವೆಂಪುನಗರದಿಂದ ಕಚೇರಿಗೆ ಹೋಗಿಬರಲು ಹಿಂದೆ ಶನಿವಾರದವರೆಗೆ ಸಾಕಾಗುತ್ತಿದ್ದ ಬ್ಯಾಟರಿ ಈಗ ಶುಕ್ರವಾರ ಸಂಜೆಗೇ ಚಾರ್ಜು ಕೇಳುತ್ತದೆ. ಮೋಟಾರ್ ನಿಲ್ಲಿಸಿ ಬರೀ ಕಾಲಿನ ಬಲದಿಂದ ತುಳಿದರೆ ಒದ್ದೆ ಮರಳಿನ ಮೇಲೆ ಹೋದಂತೆ ಭಾಸವಾಗುತ್ತದೆ. ಆದ್ದರಿಂದಲೇ ಮೋಟಾರಿಲ್ಲದ ಸೈಕಲ್ಲಿಗೆ ಈ ಹಬ್ಬನ್ನು ನಾನು ಯಾರಿಗೂ ಹೇಳುವುದಿಲ್ಲ. ಸೋರಿಹೋಗುವುದನ್ನು ಭರ್ತಿ ಮಾಡಲು ಮೋಟಾರ್ ಇರುವ ಕಡೆ ಲೆಕ್ಕ ಬೇರೆಯಾಗುತ್ತದೆ: ವಾರಕ್ಕೆ ಒಂದು ದಿನ ಮುಂಚೆ ಚಾರ್ಜು ಹಾಕುವ ಬದಲಿಗೆ ನನಗೆ ದಕ್ಕಿರುವುದು ತುಂಡಾಗದ ಚೈನು, ಮಳೆಗಾಲದ ಕೆಸರು ಒಳಹೋಗದ ಮುಚ್ಚಿದ ಹಬ್ಬು ಮತ್ತು ಬೆಟ್ಟದ ಏರಿನಲ್ಲಿ ಎಲ್ಲಿಯೂ ಕಡಿಯದ ಕಾಲಿನ ಲಯ.

ಒಳಗಿನ ಎಣ್ಣೆಯನ್ನು ನಾವಾಗಿ ಬದಲಿಸುವಂತಿಲ್ಲ, ಕೆಟ್ಟರೆ ಬೀದಿಬದಿಯಲ್ಲಿ ಬಿಚ್ಚಿ ನೋಡುವಂತೆಯೂ ಇಲ್ಲ. ಹಾಗಾಗಿ ನನ್ನ ಉಪಚಾರವೆಲ್ಲ ಹೊರಗಿನದು: ಚೈನಿಗೆ ಎಣ್ಣೆ, ಗಿಯರಿನ ಎರಡು ಕೇಬಲ್‌ಗಳ ಬಿಗಿ, ಅಚ್ಚಿನ ನಟ್ಟು. ಈ ಮಳೆಗಾಲಕ್ಕೆ ಮುನ್ನ ಎರಡೂ ಕೇಬಲ್ ಬದಲಿಸಿದೆ. ಹ್ಯಾಂಡಲ್ ಬಳಿಯ ಮುರುವಿನಲ್ಲಿ ಒಂದರ ಎಳೆಗಳು ಆಗಲೇ ಬಿಚ್ಚಿಕೊಳ್ಳತೊಡಗಿದ್ದವು.