ಐದು ತಿಂಗಳು ನಿಂತ ಬೈಕಿಗೆ ಕಾರ್ಬೊರೇಟರ್ ರಿಪೇರಿ ಕಿಟ್: ಹಾಕಿದ್ದೆಷ್ಟು, ಬಿಟ್ಟಿದ್ದೆಷ್ಟು

ಚಳಿಗಾಲ ಕಳೆಯಲೆಂದು ಹೊದಿಕೆ ಹಾಕಿ ನಿಲ್ಲಿಸಿದ್ದ ಹಳೆಯ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬೈಕನ್ನು ಐದು ತಿಂಗಳ ನಂತರ ಹೊರಗೆ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಪೆಟ್ರೋಲಿನ ವಾಸನೆ, ಆಮೇಲೆ ಕಣ್ಣಿಗೆ ಬಿದ್ದದ್ದು ಎಂಜಿನ್ ಕೆಳಗಿನ ನೆಲದಲ್ಲಿ ಅಂಗೈ ಅಗಲದ ಕಂದು ಕಲೆ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಬಿಡುವ ಟ್ಯಾಪ್ ತೆರೆದು ಎರಡು ನಿಮಿಷ ಕಾಯುವಷ್ಟರಲ್ಲಿ, ಹೆಚ್ಚಾದ ಪೆಟ್ರೋಲನ್ನು ಹೊರಬಿಡುವ ಓವರ್‌ಫ್ಲೋ ಪೈಪಿನ ತುದಿಯಿಂದ ಹನಿಗಳು ಒಂದರ ಹಿಂದೆ ಒಂದು ಬೀಳತೊಡಗಿದವು. ಇಂಥ ಸೋರಿಕೆಗೆಂದೇ ಮಾರುವ ರಿಪೇರಿ ಕಿಟ್ ಒಂದನ್ನು ತರಿಸಿ, ನಾನೇ ಹಾಕಿ, ಆರು ವಾರ ಬೈಕ್ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಿಟ್ ಬೈಕ್ ಕಂಪನಿಯದ್ದಲ್ಲ, ಹೊರಗಿನ ತಯಾರಕರದ್ದು. ಅವರ ಹೆಸರು ಇಲ್ಲಿ ಮುಖ್ಯವಲ್ಲ.

ಪೊಟ್ಟಣದಲ್ಲಿ ಫ್ಲೋಟ್ ಬೌಲಿನ (ಕಾರ್ಬೊರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ರಬ್ಬರ್ ಗ್ಯಾಸ್ಕೆಟ್, ಫ್ಲೋಟ್ ನೀಡಲ್ (ಬೌಲಿನಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವ ಮೊಳೆ) ಮತ್ತು ಅದು ಕೂರುವ ಸೀಟು, ನಾಲ್ಕು ಓ-ರಿಂಗ್‌ಗಳು, ಡ್ರೈನ್ ಸ್ಕ್ರೂವಿನ ವಾಷರ್, ಒಂದು ಮೇನ್ ಜೆಟ್, ಒಂದು ಪೈಲಟ್ ಜೆಟ್ (ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ರಂಧ್ರದ ಬಿಡಿಭಾಗಗಳು), ಸ್ಪ್ರಿಂಗ್ ಸಮೇತ ಮಿಕ್ಸ್ಚರ್ ಸ್ಕ್ರೂ, ಇಷ್ಟಿದ್ದವು. ಜೊತೆಗಿದ್ದ ಒಂದೇ ಹಾಳೆಯ ಸೂಚನಾಪತ್ರದಲ್ಲಿ ಬಿಡಿಭಾಗಗಳ ಚಿತ್ರವೇನೋ ಇತ್ತು. ಆದರೆ ಯಾವ ಭಾಗ ಯಾವ ಸೋರಿಕೆಯನ್ನು ನಿಲ್ಲಿಸುತ್ತದೆ ಎಂಬ ಮಾತಾಗಲಿ, ಫ್ಲೋಟಿನ ಎತ್ತರವನ್ನು ಅಳೆದು ನೋಡಬೇಕೆಂಬ ಎಚ್ಚರಿಕೆಯಾಗಲಿ ಇರಲಿಲ್ಲ. ಈ ಕಿಟ್ ಕುರಿತ ನನ್ನ ಮುಖ್ಯ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ಬಿಚ್ಚುವ ಮೊದಲು ಸೋರಿಕೆ ಎಲ್ಲಿಂದ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಪೆಟ್ರೋಲ್ ಮೇಲೆಲ್ಲೋ ಹೊರಬಿದ್ದು ಲೋಹದ ಮೈಮೇಲೆ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ನಾನು ಕಾರ್ಬೊರೇಟರನ್ನು ಹೊರಗಿನಿಂದ ಒರೆಸಿ ಒಣಗಿಸಿ, ಕೀಲುಗಳ ಮೇಲೆಲ್ಲ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹಚ್ಚಿ, ಮತ್ತೆ ಟ್ಯಾಪ್ ತೆರೆದೆ. ಬೌಲ್ ಕೂಡುವ ಅಂಚಿನ ಒಂದು ಮೂಲೆಯಲ್ಲಿ ಬಿಳಿ ಪುಡಿ ನಿಧಾನವಾಗಿ ಬೂದುಬಣ್ಣಕ್ಕೆ ತಿರುಗಿತು. ಓವರ್‌ಫ್ಲೋ ಪೈಪಂತೂ ಹನಿಸುತ್ತಲೇ ಇತ್ತು. ಅಂದರೆ ಗ್ಯಾಸ್ಕೆಟ್ ಹೋಗಿದೆ, ನೀಡಲ್ಲೂ ಮುಚ್ಚಿಕೊಳ್ಳುತ್ತಿಲ್ಲ. ಬೌಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಹಗುರವಾಗಿ ತಟ್ಟಿದರೆ ಅಂಟಿಕೊಂಡ ನೀಡಲ್ ಎಷ್ಟೋ ಸಲ ಸಡಿಲಗೊಳ್ಳುವುದುಂಟು. ನನ್ನ ಪಾಲಿಗೆ ಹಾಗಾಗಲಿಲ್ಲ. (ಈ ಕೆಲಸವನ್ನೆಲ್ಲ ಬಯಲಿನಲ್ಲಿ, ಬ್ಯಾಟರಿಯ ತಂತಿ ಕಳಚಿ, ಹತ್ತಿರದಲ್ಲಿ ಯಾವುದೇ ಬೆಂಕಿಯಿಲ್ಲದಂತೆ ನೋಡಿಕೊಂಡು ಮಾಡಬೇಕು.)

ಬೌಲ್ ಕಳಚಿದಾಗ ತಳದಲ್ಲಿ ಹಳೆಯ ವಾರ್ನಿಷ್ ವಾಸನೆಯ, ಬೆಲ್ಲದ ಪಾಕದಂಥ ಅಂಟು ಕೂತಿತ್ತು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶಗಳೆಲ್ಲ ಹೋಗಿ ಉಳಿಯುವುದು ಇದೇ. ಗ್ಯಾಸ್ಕೆಟ್ ಚಪ್ಪಟೆಯಾಗಿ, ಗಟ್ಟಿಯಾಗಿ, ತೆಗೆಯುವಾಗಲೇ ಎರಡು ತುಂಡಾಯಿತು. ಪೆಟ್ರೋಲಿನಲ್ಲಿ ನೆನೆಯುತ್ತಿರುವಷ್ಟು ದಿನ ಉಬ್ಬಿಕೊಂಡಿದ್ದು ಸೀಲು ಹಿಡಿಯುವ ರಬ್ಬರು ಒಣಗಿದಾಗ ಕುಗ್ಗಿಬಿಡುತ್ತದೆ. ನಿಲ್ಲಿಸುವಾಗ ಸೋರದಿದ್ದ ಬೈಕ್ ಮತ್ತೆ ತೆಗೆಯುವಾಗ ಸೋರುವುದು ಹೆಚ್ಚಾಗಿ ಇದರಿಂದಲೇ. ನೀಡಲ್ಲಿನ ರಬ್ಬರ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಶಂಕುವಿನ ಸುತ್ತ ಉಗುರಿಗೆ ತಾಗುವಷ್ಟು ಆಳದ ಉಂಗುರದ ಗೆರೆ ಕಾಣಿಸಿತು. ನೀಡಲ್ಲಿನ ಹಿಂಭಾಗದ ಪುಟ್ಟ ಸ್ಪ್ರಿಂಗ್ ಕಡ್ಡಿಯನ್ನು ಒತ್ತಿದಾಗ ಅದು ಒಳಹೋಯಿತೇ ಹೊರತು ಹಿಂದಿರುಗಿ ಚಿಮ್ಮಲಿಲ್ಲ.

ಇಲ್ಲಿ ಕಿಟ್ ತನ್ನ ಬೆಲೆಯನ್ನು ಸಂಪಾದಿಸಿತು ಎನ್ನಬೇಕು. ಗ್ಯಾಸ್ಕೆಟ್ ಪೊಟ್ಟಣದಲ್ಲಿ ಮಡಿಸಿಟ್ಟಿದ್ದರಿಂದ ಸೊಟ್ಟಗಿತ್ತಾದರೂ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟಾಗ ನೇರವಾಗಿ ಬೌಲಿನ ಅಂಚಿನ ತೋಡಿನಲ್ಲಿ ಸಲೀಸಾಗಿ ಕೂತಿತು. ಓ-ರಿಂಗ್‌ಗಳ ಅಳತೆ ಸರಿಯಾಗಿತ್ತು. ಎಥನಾಲ್ ಬೆರೆತ ಪೆಟ್ರೋಲಿಗೆ ಒಗ್ಗುವ ವಿಟಾನ್ ರಬ್ಬರನ್ನು ನೀಡಲ್ಲಿನ ತುದಿಗೆ ಬಳಸಿರುವುದಾಗಿ ಪೊಟ್ಟಣದ ಮೇಲಿದೆ. ಆರು ವಾರಗಳ ಬಳಿಕ ಬಿಚ್ಚಿ ನೋಡಿದಾಗ ತುದಿಯಲ್ಲಿ ಉಬ್ಬಾಗಲಿ ಗೆರೆಯಾಗಲಿ ಇರಲಿಲ್ಲ.

ಜೆಟ್‌ಗಳನ್ನು ಮಾತ್ರ ನಾನು ಹಾಕಲಿಲ್ಲ. ಹಿತ್ತಾಳೆಯ ಜೆಟ್ ಸಾಮಾನ್ಯವಾಗಿ ಸವೆಯುವ ವಸ್ತುವಲ್ಲ, ಕಟ್ಟಿಕೊಳ್ಳುವ ವಸ್ತು. ಹಳೆಯದನ್ನು ಕಾರ್ಬೊರೇಟರ್ ಕ್ಲೀನರ್ ಮತ್ತು ಗಾಳಿಯ ಒತ್ತಡದಿಂದ ಸ್ವಚ್ಛಗೊಳಿಸಿದರೆ ಕಂಪನಿಯವರು ಕೊರೆದ ರಂಧ್ರವೇ ನಮ್ಮದಾಗಿ ಉಳಿಯುತ್ತದೆ. ಕಿಟ್ಟಿನ ಪೈಲಟ್ ಜೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದಾಗ ರಂಧ್ರದ ಅಂಚಿನಲ್ಲಿ ಲೋಹದ ಸಿಬಿರು ಕಂಡದ್ದರಿಂದ ಅದು ಪೊಟ್ಟಣದಲ್ಲೇ ಉಳಿಯಿತು. ಅಂದಹಾಗೆ, ಕ್ಲೀನರ್ ಸಿಂಪಡಿಸುವ ಮುನ್ನ ರಬ್ಬರಿನ ಭಾಗಗಳನ್ನೆಲ್ಲ ತೆಗೆದಿಡಬೇಕು. ಜೆಟ್ಟಿನ ರಂಧ್ರಕ್ಕೆ ಉಕ್ಕಿನ ತಂತಿ ತೂರಿಸಿದರೆ ರಂಧ್ರವೇ ದೊಡ್ಡದಾದೀತು.

ಎಲ್ಲ ಜೋಡಿಸಿ ಟ್ಯಾಪ್ ತೆರೆದಾಗ ಬೌಲಿನ ಅಂಚು ಒಣಗಿಯೇ ಇತ್ತು. ಸಮಾಧಾನಪಟ್ಟುಕೊಂಡು ಕೈ ತೊಳೆದು ಬರುವಷ್ಟರಲ್ಲಿ ಓವರ್‌ಫ್ಲೋ ಪೈಪಿನಲ್ಲಿ ಮತ್ತೆ ಒಂದು ಹನಿ ತೂಗುತ್ತಿತ್ತು! ಹೊಸ ನೀಡಲ್ಲು, ಹೊಸ ಸೀಟು, ಆದರೂ ಸೋರಿಕೆ. ಓವರ್‌ಫ್ಲೋ ಕೊಳವೆಯೇ ಬಿರುಕು ಬಿಟ್ಟಿರಬಹುದೇ ಎಂಬ ಅನುಮಾನದಿಂದ (ಬೌಲಿನಲ್ಲಿ ಸೇರಿದ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇದು ಸಂಭವಿಸುತ್ತದೆ) ಬೌಲನ್ನು ಕಳಚಿ, ಕೊಳವೆಯ ಬಾಯಿಯ ತುಸು ಕೆಳಗಿನವರೆಗೆ ಪೆಟ್ರೋಲ್ ತುಂಬಿಸಿಟ್ಟು ನೋಡಿದೆ; ಹನಿಯೂ ಇಳಿಯಲಿಲ್ಲ. ಹಾಗಾದರೆ ಉಳಿದದ್ದು ಪೆಟ್ರೋಲಿನ ಮಟ್ಟ. ಡ್ರೈನ್ ತೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದನ್ನು ಬೌಲಿನ ಪಕ್ಕದಲ್ಲಿ ನೆಟ್ಟಗೆ ಮೇಲಕ್ಕೆ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿದರೆ ಒಳಗಿನ ಮಟ್ಟವೇ ಪೈಪಿನಲ್ಲಿ ಕಾಣುತ್ತದೆ. ನನ್ನದರಲ್ಲಿ ಅದು ಇರಬೇಕಾದದ್ದಕ್ಕಿಂತ ಮೇಲಿತ್ತು.

ಹಳೆಯ ಮತ್ತು ಹೊಸ ನೀಡಲ್ಲುಗಳನ್ನು ಅಕ್ಕಪಕ್ಕ ಗಾಜಿನ ಮೇಲೆ ನಿಲ್ಲಿಸಿದಾಗ ಕಾರಣ ತಿಳಿಯಿತು. ಹೊಸದು ಕೂದಲೆಳೆಯಷ್ಟು ಗಿಡ್ಡ. ನೀಡಲ್ ಗಿಡ್ಡವಾದರೆ ಅದನ್ನು ಸೀಟಿಗೆ ಒತ್ತಲು ಫ್ಲೋಟ್ ಇನ್ನಷ್ಟು ಮೇಲೇಳಬೇಕು, ಫ್ಲೋಟ್ ಮೇಲೇಳಲು ಪೆಟ್ರೋಲ್ ಮೇಲೇರಬೇಕು. ಅದೂ ಅಲ್ಲದೆ ನೀಡಲ್ಲು ಫ್ಲೋಟಿನ ಕೀಲಿಗೆ ತೀರ ಹತ್ತಿರವಿರುವುದರಿಂದ ಅಲ್ಲಿಯ ಕೂದಲೆಳೆಯ ವ್ಯತ್ಯಾಸ ಫ್ಲೋಟಿನ ತುದಿಯಲ್ಲಿ ಹಲವು ಪಟ್ಟು ಹಿಗ್ಗುತ್ತದೆ. ಫ್ಲೋಟಿನ ಹಿತ್ತಾಳೆಯ ನಾಲಿಗೆಯನ್ನು ನೀಡಲ್ಲಿನ ಕಡೆಗೆ ತುಸು ಬಗ್ಗಿಸಿ, ಬೈಕಿನ ಕೈಪಿಡಿಯಲ್ಲಿ ಕೊಟ್ಟಿರುವ ಎತ್ತರಕ್ಕೆ ತಂದ ಮೇಲೆ ಅರ್ಧ ಗಂಟೆ ಕಾದರೂ ಹನಿ ಬೀಳಲಿಲ್ಲ. ನಾಲಿಗೆ ಬಗ್ಗದ ಪ್ಲಾಸ್ಟಿಕ್ ಫ್ಲೋಟ್ ಇರುವವರಿಗೆ ಈ ದಾರಿಯೂ ಇಲ್ಲ. ಅಂಥವರು ಕಂಪನಿಯ ನೀಡಲ್ಲನ್ನೇ ಕೊಳ್ಳುವುದು ಕ್ಷೇಮ. ಅಳತೆಯಲ್ಲಿ ಈ ಅಜಾಗ್ರತೆ, ಅದರ ಬಗ್ಗೆ ಸೂಚನಾಪತ್ರದ ಮೌನ, ಎರಡೂ ಸೇರಿ ನನ್ನ ಒಂದು ಇಡೀ ಮಧ್ಯಾಹ್ನವನ್ನು ನುಂಗಿದವು.

ಕಿಟ್ಟಿನ ವ್ಯಾಪ್ತಿಗೆ ಬಾರದ, ಆದರೆ ಅದನ್ನು ಕೊಳ್ಳುವವರೆಲ್ಲ ಗಮನಿಸಬೇಕಾದ ಸಂಗತಿಯೊಂದಿದೆ. ಐದು ತಿಂಗಳೂ ನನ್ನ ಬೈಕಿನ ಟ್ಯಾಪ್ ಮುಚ್ಚಿಯೇ ಇತ್ತು. ಟ್ಯಾಪ್ ನಿಜಕ್ಕೂ ಮುಚ್ಚಿಕೊಂಡಿದ್ದರೆ ನೀಡಲ್ ಎಷ್ಟೇ ಕೆಟ್ಟಿರಲಿ, ಬೌಲಿನಲ್ಲಿದ್ದಷ್ಟು ಪೆಟ್ರೋಲ್ ಮಾತ್ರ ಹೋಗಬೇಕಿತ್ತು. ಟ್ಯಾಂಕಿನ ಮಟ್ಟ ಇಳಿಯುವ ಕಾರಣವಿರಲಿಲ್ಲ. ನನ್ನ ಟ್ಯಾಂಕಿನ ಮಟ್ಟ ಇಳಿದಿತ್ತು. ಪೈಪ್ ಕಳಚಿ, ಟ್ಯಾಪ್ ಮುಚ್ಚಿ, ಕೆಳಗೆ ಗಾಜಿನ ಬಾಟಲಿ ಇಟ್ಟರೆ ಬೆಳಗಾಗುವುದರೊಳಗೆ ಅದರ ತಳದಲ್ಲಿ ಪೆಟ್ರೋಲ್ ನಿಂತಿತ್ತು. ಟ್ಯಾಪಿನೊಳಗಿನ ನಾಲ್ಕು ತೂತಿನ ರಬ್ಬರ್ ಬಿಲ್ಲೆಯೂ ಗಟ್ಟಿಯಾಗಿತ್ತು. ಅದನ್ನು ಬೇರೆಯಾಗಿಯೇ ತರಿಸಬೇಕಾಯಿತು. ವ್ಯಾಕ್ಯೂಮ್ ಟ್ಯಾಪ್ (ಎಂಜಿನ್ನಿನ ಹೀರುವಿಕೆಯಿಂದ ತೆರೆದುಕೊಳ್ಳುವಂಥದ್ದು) ಇರುವ ಬೈಕುಗಳಲ್ಲಿ ಒಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಹರಿದರೆ ಪೆಟ್ರೋಲ್ ವ್ಯಾಕ್ಯೂಮ್ ಪೈಪಿನ ಮೂಲಕ ನೇರವಾಗಿ ಎಂಜಿನ್ನಿಗೇ ಇಳಿಯುವುದರಿಂದ ಆ ಪೈಪನ್ನೂ ಕಳಚಿ ಒದ್ದೆಯಿದೆಯೇ ನೋಡಬೇಕು.

ಉಕ್ಕಿದ ಪೆಟ್ರೋಲ್ ನೆಲಕ್ಕೆ ಮಾತ್ರ ಹೋಗುತ್ತದೆಂದು ತಿಳಿಯಬಾರದು. ಸಿಲಿಂಡರಿನ ಮೂಲಕ ಎಂಜಿನ್ ಆಯಿಲ್ಲಿಗೂ ಸೇರುತ್ತದೆ. ನನ್ನ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆಯನ್ನು ದಾಟಿತ್ತು, ಬೆರಳಿಗೆ ನೀರಿನಂತೆ ತೆಳುವಾಗಿ ಹತ್ತಿತು. ಅದನ್ನು ಬದಲಾಯಿಸುವವರೆಗೂ ಕಿಕ್ ಹೊಡೆಯಲಿಲ್ಲ.

ಈಗ ಬೈಕ್ ಎರಡನೆಯ ಕಿಕ್ಕಿಗೆ ಹೊತ್ತಿಕೊಳ್ಳುತ್ತದೆ, ಕೆಳಗೆ ಹಾಸಿದ ರಟ್ಟು ಆರು ವಾರಗಳಿಂದ ಒಣಗಿದೆ. ಗ್ಯಾಸ್ಕೆಟ್ ಮತ್ತು ಓ-ರಿಂಗ್‌ಗಳಿಗಾಗಿ ಈ ಕಿಟ್ಟಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ನೀಡಲ್ಲಿಗೆ ಎರಡೂವರೆ, ಸೂಚನಾಪತ್ರಕ್ಕೆ ಏನೂ ಇಲ್ಲ. ಹಳೆಯ ನೀಡಲ್ಲನ್ನು ಮಾತ್ರ ಎಸೆದಿಲ್ಲ; ಮುಂದಿನ ಸಲ ಯಾವ ಕಿಟ್ ತಂದರೂ ಅದರ ಪಕ್ಕದಲ್ಲಿ ನಿಲ್ಲಿಸಿ ಅಳೆಯಲು ಬೇಕಾಗುತ್ತದೆ.